ಜೀಪಿನ ಮೂತಿಗೆ ವಿಂಚ್: ಯಾವುದು, ಎಷ್ಟರದು, ಎಲ್ಲಿ ಕೂರಿಸುವುದು

ಪುನರ್ವಸು ಮಳೆ ಹಿಡಿದ ಮೂರನೇ ದಿನ, ಸಕಲೇಶಪುರದ ಕಡೆ ನಮ್ಮ ತೋಟದ ಕೆಳಗಿನ ದಾರಿಯಲ್ಲಿ ಥಾರ್ ಹೂತುಕೊಂಡಿತು. ಮುಂದೆ ಹೊಚ್ಚ ಹೊಸ ವಿಂಚ್ ಇತ್ತು, ಅಂದರೆ ಹಗ್ಗವನ್ನು ಡ್ರಮ್ಮಿಗೆ ಸುತ್ತಿಕೊಳ್ಳುತ್ತಾ ಹೂತ ಗಾಡಿಯನ್ನು ಎಳೆದು ತೆಗೆಯುವ ಯಂತ್ರ. ಹಾಕಿಸಿ ಹದಿನೈದು ದಿನವೂ ಆಗಿರಲಿಲ್ಲ. ಖುಷಿಯಿಂದಲೇ ಇಳಿದೆ ಅನ್ನಬೇಕು. ಹಗ್ಗ ಎಳೆದುಕೊಂಡು ಹೋಗಿ ಹತ್ತಿರದ ಸಿಲ್ವರ್ ಮರಕ್ಕೆ ಸುತ್ತಲು ಹೊರಟೆ.

"ಅಣ್ಣ, ಅದಕ್ಕೆ ಕಟ್ಬೇಡಿ. ಬುಡ ಗೆದ್ಲು ತಿಂದೈತೆ" ಅಂದರು ಮೇಸ್ತ್ರಿ.

ನಾನು ಕೇಳಲಿಲ್ಲ. ರಿಮೋಟ್ ಒತ್ತಿದೆ. ಗಾಡಿ ಅಲುಗಲಿಲ್ಲ, ಮರ ನನ್ನ ಕಡೆ ಬಂತು. ಅದರ ಮೇಲೆ ಹಬ್ಬಿದ್ದ ಮೆಣಸಿನ ಬಳ್ಳಿ ಸಮೇತ. ಕೊನೆಗೆ ಗಾಡಿ ಮೇಲೆ ತಂದದ್ದು ಪಕ್ಕದ ತೋಟದ ಟ್ರ್ಯಾಕ್ಟರ್.

ಅವತ್ತು ಗೊತ್ತಾಗಿದ್ದು ಇಷ್ಟು. ನಾನು ವಿಂಚ್ ಕೊಳ್ಳುವಾಗ ಕೇಳಿದ್ದು ಒಂದೇ ಪ್ರಶ್ನೆ, "ಎಷ್ಟು ಪೌಂಡ್?" ಅಂದರೆ ಎಷ್ಟು ಭಾರ ಎಳೆಯುತ್ತದೆ ಅಂತ. ಅದು ಮೂರನೆಯದೋ ನಾಲ್ಕನೆಯದೋ ಆಗಬೇಕಿದ್ದ ಪ್ರಶ್ನೆ. ಮೊದಲನೆಯದು, ನೀವು ಒಬ್ಬರೇ ಹೋಗುತ್ತೀರಾ, ಜೊತೆಗೆ ಇನ್ನೊಂದು ಗಾಡಿ ಇರುತ್ತದಾ ಅನ್ನುವುದು.

ವಿಂಚ್ ಬೇಕೇ ಬೇಕಾ?

ಭಾನುವಾರ ನಾಲ್ಕು ಗೆಳೆಯರು ನಾಲ್ಕು ಗಾಡಿಯಲ್ಲಿ ಹೋಗುವವರಾದರೆ ನನ್ನ ಪ್ರಕಾರ ಬೇಡ. ಒಂದು ಕೈನೆಟಿಕ್ ಹಗ್ಗ ಸಾಕು. ಇದು ನೈಲಾನ್ ಹಗ್ಗ, ಎಳೆದಾಗ ಇಪ್ಪತ್ತು ಮೂವತ್ತು ಪರ್ಸೆಂಟ್ ಹಿಗ್ಗುತ್ತದೆ. ಎಳೆಯುವ ಗಾಡಿ ಸ್ವಲ್ಪ ಓಡಿಬಂದರೆ ಹಗ್ಗ ಹಿಗ್ಗಿ, ಆಮೇಲೆ ರಬ್ಬರ್ ಬ್ಯಾಂಡಿನ ಥರ ಹೂತ ಗಾಡಿಯನ್ನು ಕಿತ್ತು ತರುತ್ತದೆ. ಎರಡು ನಿಮಿಷದ ಕೆಲಸ. ತೂಕ ನಾಲ್ಕೈದು ಕೆಜಿ, ಸೀಟಿನ ಕೆಳಗೆ ಹಿಡಿಸುತ್ತದೆ. ಒಂದು ಎಚ್ಚರಿಕೆ: ಎರಡೂ ಗಾಡಿಯಲ್ಲಿ ಚಾಸಿಗೆ, ಅಂದರೆ ಗಾಡಿಯ ಅಡಿಯ ಉಕ್ಕಿನ ಚೌಕಟ್ಟಿಗೆ, ಸೇರಿದ ಕೊಕ್ಕೆಗೇ ಸಿಕ್ಕಿಸಬೇಕು. ಟ್ರೇಲರ್ ಎಳೆಯುವ ಗುಂಡು ಇರುತ್ತದಲ್ಲ, ಅದಕ್ಕೆ ಯಾವತ್ತೂ ಬೇಡ. ಅದು ಕಿತ್ತು ಬಂದರೆ ಗುಂಡಿನ ವೇಗದಲ್ಲೇ ಬರುತ್ತದೆ.

ಬರೀ ಗದ್ದೆ ಬದಿ, ಮರಳು, ಸಣ್ಣ ಕೆಸರು ಅಂದರೆ ಚಕ್ರದ ಕೆಳಗೆ ಕೊಡುವ ಪ್ಲಾಸ್ಟಿಕ್ ಹಲಗೆಗಳು, ಒಂದು ಗುದ್ದಲಿ. ನಮ್ಮಲ್ಲಿ ಹಲಗೆಯ ಬದಲು ಅಡಿಕೆ ದಬ್ಬೆ ಹಾಕಿ ಗಾಡಿ ತೆಗೆದವರು ಎಷ್ಟೋ ಜನ ಇದ್ದಾರೆ. ಟೈರಿನ ಗಾಳಿಯನ್ನು ಹದಿನೆಂಟು ಪಿಎಸ್‌ಐಗೆ ಇಳಿಸಿದರೆ ಅರ್ಧ ಸಲ ಯಾವುದೂ ಬೇಡ. ಖರ್ಚಿಲ್ಲದ ಉಪಾಯ ನೋಡಿ, ಅದಕ್ಕೇ ಯಾರೂ ಹೇಳಿಕೊಡುವುದಿಲ್ಲ.

ಕೈಯಲ್ಲಿ ಎಳೆಯುವ ವಿಂಚ್ ಕೂಡ ಇದೆ. ಮರದ ದಿಮ್ಮಿ ಎಳೆಯುವವರು, ವಿದ್ಯುತ್ ಕಂಬ ನಿಲ್ಲಿಸುವವರು ಬಳಸುವ ಟಿರ್ಫರ್ ಗೊತ್ತಲ್ವಾ? ಲಿವರ್ ಹಿಂದೆ ಮುಂದೆ ಮಾಡಿದರೆ ವೈರ್ ರೋಪನ್ನು, ಅಂದರೆ ಉಕ್ಕಿನ ಹಗ್ಗವನ್ನು, ಸ್ವಲ್ಪ ಸ್ವಲ್ಪವೇ ನುಂಗುತ್ತಾ ಹೋಗುತ್ತದೆ. ಬ್ಯಾಟರಿ ಬೇಡ, ಬಂಪರ್ ಬೇಡ. ಗಾಡಿಯನ್ನು ಮುಂದಕ್ಕಷ್ಟೇ ಅಲ್ಲ, ಹಿಂದಕ್ಕೂ ಪಕ್ಕಕ್ಕೂ ಎಳೆಯಬಹುದು. ಬಂಪರಿನ ವಿಂಚಿಗೆ ಅದು ಆಗದು, ಅದು ಮುಂದಕ್ಕೆ ಮಾತ್ರ. ಬಹಳಷ್ಟು ಸಲ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುವುದು ಸುಲಭ. ಟಿರ್ಫರಿನ ಕಷ್ಟ ಒಂದೇ, ಬೆವರು. ಜಡಿಮಳೆಯಲ್ಲಿ, ಕಾಲಿಗೆ ಉಂಬಳ ಹತ್ತುತ್ತಿರುವಾಗ ಹತ್ತು ಮೀಟರ್ ಎಳೆಯುವಷ್ಟರಲ್ಲಿ ತೋಳು ಬಿದ್ದುಹೋಗುತ್ತದೆ. ಆದರೂ ವರ್ಷಕ್ಕೆ ಒಂದೆರಡು ಸಲ ಹೂತುಕೊಳ್ಳುವ ಎಸ್ಟೇಟ್ ಜೀಪಿಗೆ ನಾನು ಇದನ್ನೇ ಹೇಳುವುದು.

ಉಳಿದವರು ಅಂದರೆ ಒಬ್ಬರೇ ಓಡಾಡುವವರು, ಮಳೆಗಾಲದಲ್ಲೂ ದಿನಾ ಕೆಟ್ಟ ದಾರಿ ಹಿಡಿಯಲೇಬೇಕಾದವರು, ಗೋವಾದಲ್ಲಿ ಮಳೆಗಾಲದಲ್ಲಿ ನಡೆಯುವ ರೇನ್‌ಫಾರೆಸ್ಟ್ ಚಾಲೆಂಜ್ ಥರದ ಸ್ಪರ್ಧೆಗೆ ಹೋಗುವ ಆಸೆ ಇರುವವರು. ಇವರಿಗೆ ಮುಂದಿನ ಮಾತು.

ಕರೆಂಟಿನದೋ, ಹೈಡ್ರಾಲಿಕ್ಕೋ

ಎರಡನೇ ಮಹಾಯುದ್ಧದ ಕಾಲದ ಕೆಲವು ಜೀಪುಗಳಿಗೆ ಇಂಜಿನ್ನಿನಿಂದಲೇ ನೇರವಾಗಿ ತಿರುಗುವ ವಿಂಚ್ ಹಾಕುತ್ತಿದ್ದರು. ಇಂಜಿನ್ ಓಡುವವರೆಗೂ ಅದು ಎಳೆಯುತ್ತದೆ, ಬಿಸಿಯಾಗಿ ನಿಲ್ಲುವ ಮಾತಿಲ್ಲ. ಹೈಡ್ರಾಲಿಕ್ ವಿಂಚಿನದೂ ಅದೇ ಗುಣ. ಪವರ್ ಸ್ಟಿಯರಿಂಗ್ ಪಂಪಿನ ಎಣ್ಣೆಯ ಒತ್ತಡದಲ್ಲಿ ನಡೆಯುತ್ತದೆ, ನೀರಲ್ಲಿ ಮುಳುಗಿದರೂ ಚಿಂತೆಯಿಲ್ಲ. ಎರಡಕ್ಕೂ ಇಂಜಿನ್ ಓಡುತ್ತಿರಲೇಬೇಕು. ಹಳ್ಳದ ನಡುವೆ ಇಂಜಿನ್ ಆಫ್ ಆಯಿತೋ, ವಿಂಚ್ ಬರೀ ಕಬ್ಬಿಣ. ಇನ್ನೊಂದು ತೊಡಕು, ಜಿಮ್ನಿಯಂಥ ಗಾಡಿಯಲ್ಲಿ ಸ್ಟಿಯರಿಂಗೇ ಎಲೆಕ್ಟ್ರಿಕ್. ಎಣ್ಣೆ ಪಂಪೇ ಇಲ್ಲದ ಮೇಲೆ ಹೈಡ್ರಾಲಿಕ್ ಎಲ್ಲಿಂದ ಬರಬೇಕು?

ಹಾಗಾಗಿ ನೂರಕ್ಕೆ ತೊಂಬತ್ತು ಜನ ಬಂದು ನಿಲ್ಲುವುದು 12 ವೋಲ್ಟ್ ಎಲೆಕ್ಟ್ರಿಕ್ ವಿಂಚಿಗೆ. ಅದರ ಹಸಿವಿನ ಲೆಕ್ಕ ನೋಡಿ. ಪೂರ್ತಿ ಭಾರದಲ್ಲಿ ಎಳೆಯುವಾಗ 9,500 ಪೌಂಡಿನ ವಿಂಚ್ 400 ಆಂಪಿಯರ್ ಆಸುಪಾಸು ಕುಡಿಯುತ್ತದೆ. ಇಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಕೊಡುವುದು ಸುಮಾರು ನೂರು. ಉಳಿದದ್ದೆಲ್ಲ ಬ್ಯಾಟರಿಯಿಂದ. ನಿಮಿಷಕ್ಕೆ ಐದು ಆಂಪಿಯರ್-ಅವರ್ ಖಾಲಿ. ಅರವತ್ತರ ಬ್ಯಾಟರಿ ಆರೇ ನಿಮಿಷದಲ್ಲಿ ಅರ್ಧಕ್ಕೆ ಬಂದು ನಿಲ್ಲುತ್ತದೆ. ಅದಕ್ಕೇ ಇಂಜಿನ್ ಓಡಿಸಿಕೊಂಡೇ ಎಳೆಯಬೇಕು. ಒಂದು ನಿಮಿಷ ಎಳೆದು ಮೂರ್ನಾಲ್ಕು ನಿಮಿಷ ಬಿಡಬೇಕು. ಮೋಟಾರಿನ ಮೇಲೆ ಕೈ ಇಟ್ಟು ನೋಡಿ, ಇಡಲಾಗದಷ್ಟು ಬಿಸಿ ಇದ್ದರೆ ಚಹಾ ಕುಡಿಯುವ ಹೊತ್ತು.

ಮೋಟಾರಿನಲ್ಲಿ ಎರಡು ಜಾತಿ. ಪರ್ಮನೆಂಟ್ ಮ್ಯಾಗ್ನೆಟ್ ಮೋಟಾರ್ ಕಡಿಮೆ ಕರೆಂಟ್ ತಿನ್ನುತ್ತದೆ, ಬೆಲೆಯೂ ಕಡಿಮೆ, ಆದರೆ ಬೇಗ ಬಿಸಿಯಾಗುತ್ತದೆ. ಸೀರೀಸ್ ಮೋಟಾರ್ ಜಾಸ್ತಿ ತಿನ್ನುತ್ತದೆ, ಜಾಸ್ತಿ ಹೊತ್ತು ದುಡಿಯುತ್ತದೆ. ಕೆಸರಿನ ಕೆಲಸಕ್ಕೆ ಸೀರೀಸ್. ಗೇರಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಅಂಗಡಿಯಲ್ಲಿ ಸಿಗುವುದರಲ್ಲಿ ಹೆಚ್ಚಿನವು ಪ್ಲಾನೆಟರಿ ಗೇರಿನವೇ.

ಪೌಂಡಿನ ಲೆಕ್ಕ

ಎಲ್ಲರೂ ಹೇಳುವ ಸೂತ್ರ: ಜನ, ಸಾಮಾನು ಸೇರಿದ ಗಾಡಿಯ ತೂಕದ ಒಂದೂವರೆ ಪಟ್ಟು. ಜಿಮ್ನಿಯ ಪೂರ್ತಿ ತೂಕ 1,545 ಕೆಜಿ. ಒಂದೂವರೆ ಪಟ್ಟು ಅಂದರೆ 2,300 ಕೆಜಿ ಚಿಲ್ಲರೆ, ಅಂದರೆ 5,100 ಪೌಂಡ್. ಥಾರ್ ತುಂಬಿಕೊಂಡರೆ ಎರಡು ಟನ್ ದಾಟುತ್ತದೆ. 2.2 ಟನ್ ಅಂತ ಇಟ್ಟುಕೊಂಡರೆ 3.3 ಟನ್, ಸುಮಾರು 7,300 ಪೌಂಡ್. ಪುಸ್ತಕದ ಪ್ರಕಾರ ಜಿಮ್ನಿಗೆ 6,000, ಥಾರಿಗೆ 8,000 ಸಾಕು.

ಸಾಕಾ? ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಗಾಡಿಯನ್ನು ಹಿಡಿದುಕೊಂಡಿರುವುದು ಅದರ ತೂಕ ಅಲ್ಲ, ಕೆಸರು. ಮಿಲಿಟರಿಯವರು ಬಳಸುವ ಒಂದು ಅಂದಾಜಿದೆ. ಚಕ್ರದ ಮಧ್ಯದವರೆಗೆ ಹೂತಿದ್ದರೆ ಗಾಡಿಯ ತೂಕದಷ್ಟೇ ಬಲ ಬೇಕು. ಮಡ್‌ಗಾರ್ಡಿನವರೆಗೆ ಹೋಗಿದ್ದರೆ ಎರಡು ಪಟ್ಟು. ಇದರ ಮೇಲೆ ಏರು ಬೇರೆ: ಒಂದೊಂದು ಡಿಗ್ರಿಗೆ ತೂಕದ ಅರವತ್ತರಲ್ಲಿ ಒಂದು ಪಾಲು. ನಮ್ಮ ಥಾರ್ ಚಕ್ರದ ಮಧ್ಯದವರೆಗೆ ಹೂತು, ಎದುರಿಗೆ ಮೂವತ್ತು ಡಿಗ್ರಿ ಏರಿದ್ದರೆ 2.2 ಟನ್ನಿಗೆ ಇನ್ನೊಂದು 1.1 ಸೇರಿ 3.3 ಟನ್.

9,500 ಪೌಂಡ್ ಅಂದರೆ 4.3 ಟನ್. ಹಾಗಾದರೆ ಸಲೀಸಾಗಿ ಎಳೆಯಬೇಕಲ್ವಾ? ಎಳೆಯುವುದಿಲ್ಲ, ಯಾಕೆ ಅಂತ ಪೆಟ್ಟಿಗೆಯೊಳಗಿನ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಆ 9,500 ಸಿಗುವುದು ಡ್ರಮ್ಮಿನ ಮೇಲೆ ಹಗ್ಗದ ಒಂದೇ ಸುತ್ತುಪದರ ಉಳಿದಾಗ ಮಾತ್ರ. ಪದರ ಹೆಚ್ಚಿದಂತೆ ಡ್ರಮ್ ದಪ್ಪ ಆಗುತ್ತದೆ, ಬಲ ಇಳಿಯುತ್ತದೆ. ನಾಲ್ಕನೇ ಪದರಕ್ಕೆ ಬರುವಾಗ ನೂರಕ್ಕೆ ನಲವತ್ತು ಪಾಲು ಹೋಗಿರುತ್ತದೆ.  ಎದುರಿಗೇ ಇರುವ ಮರಕ್ಕೆ ನಾಲ್ಕು ಮೀಟರ್ ಹಗ್ಗ ಬಿಟ್ಟು ಎಳೆಯಲು ಹೊರಟರೆ ನಿಮ್ಮ ಕೈಯಲ್ಲಿರುವುದು ಎರಡೂವರೆ ಟನ್ ಅಷ್ಟೇ. ಬೇಕಿದ್ದದ್ದು 3.3.

ಈಗ ಜನ ಮಾಡುವ ತಪ್ಪು, "ಹಾಗಾದರೆ 12,000 ಪೌಂಡಿನದು ತಂದುಬಿಡೋಣ" ಅನ್ನುವುದು. ಅದು ಇನ್ನೂ ಭಾರ, ಕರೆಂಟೂ ಜಾಸ್ತಿ, ಮುಂದಿನ ಸ್ಪ್ರಿಂಗ್ ಇನ್ನೂ ಕೆಳಗೆ. ಅದರ ಬದಲು ಒಂದು ಪುಲ್ಲಿ ತನ್ನಿ. ಸ್ನ್ಯಾಚ್ ಬ್ಲಾಕ್ ಅಂತ ಕೇಳಿದರೆ ಕೊಡುತ್ತಾರೆ. ಮರಕ್ಕೆ ಪುಲ್ಲಿ ಕಟ್ಟಿ, ಹಗ್ಗವನ್ನು ಅದರಲ್ಲಿ ಹಾಯಿಸಿ, ಕೊಕ್ಕೆಯನ್ನು ವಾಪಸ್ ತಂದು ಗಾಡಿಯ ಚಾಸಿಗೇ ಸಿಕ್ಕಿಸಿದರೆ ಬಲ ಹೆಚ್ಚುಕಡಿಮೆ ಎರಡು ಪಟ್ಟು. ವೇಗ ಅರ್ಧ. ಅದೂ ಅಲ್ಲದೆ ಎರಡರಷ್ಟು ಹಗ್ಗ ಹೊರಗೆ ಬರುವುದರಿಂದ ಡ್ರಮ್ಮಿನ ಪದರವೂ ಇಳಿಯುತ್ತದೆ. ಲಾಭದ ಮೇಲೆ ಲಾಭ. ಕರೆಂಟೂ ಉಳಿಯಿತು, ಮೋಟಾರೂ ತಣ್ಣಗಿತ್ತು. ಒಂದು ಊಟದ ಖರ್ಚಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ ಅನ್ನಲಾರೆ, ಆದರೆ ದೊಡ್ಡ ವಿಂಚಿನ ಬೆಲೆಯ ಮುಂದೆ ಪುಲ್ಲಿಯ ಬೆಲೆ ಏನೂ ಅಲ್ಲ.

ನನ್ನ ತೀರ್ಮಾನ: ಜಿಮ್ನಿ, ಹಳೇ ಜಿಪ್ಸಿಗೆ 8,000. ಥಾರ್, ಗೂರ್ಖಾಕ್ಕೆ 9,500. ಎರಡಕ್ಕೂ ಜೊತೆಗೊಂದು ಪುಲ್ಲಿ. 12,000ವನ್ನು ಫಾರ್ಚ್ಯೂನರ್‌ನಂಥ ದೊಡ್ಡ ಗಾಡಿಯವರಿಗೆ ಬಿಡಿ.

ವೈರ್ ರೋಪೋ, ಸಿಂಥೆಟಿಕ್ಕೋ

ಸಿಂಥೆಟಿಕ್, ಅಂದರೆ ಪ್ಲಾಸ್ಟಿಕ್ ನೂಲಿನಿಂದ ಹೆಣೆದ ಹಗ್ಗ. ಈ ವಿಷಯದಲ್ಲಿ ನಾನು ಎರಡನೇ ಯೋಚನೆ ಮಾಡುವುದಿಲ್ಲ.

28 ಮೀಟರ್ ವೈರ್ ರೋಪ್ ಸುಮಾರು ಹತ್ತು ಕೆಜಿ ತೂಗುತ್ತದೆ. ಅಷ್ಟೇ ಉದ್ದದ ಸಿಂಥೆಟಿಕ್ ಹಗ್ಗ ಎರಡು ಮೂರು ಕೆಜಿ. ಜಾರುವ ಧರೆ ಹತ್ತಿ ಹಗ್ಗ ಎಳೆದೊಯ್ಯುವಾಗ ಆ ವ್ಯತ್ಯಾಸ ಏನು ಅಂತ ಕಾಲಿಗೆ ಗೊತ್ತಾಗುತ್ತದೆ. ಸಿಂಥೆಟಿಕ್ ನೀರಲ್ಲಿ ತೇಲುತ್ತದೆ. ತುಂಡಾದರೆ ಅಲ್ಲೇ ಎಳೆಗಳನ್ನು ಹೆಣೆದು ಸೇರಿಸಿ ಆ ಹೊತ್ತಿನ ಕೆಲಸ ಮುಗಿಸಬಹುದು. ವೈರ್ ರೋಪಿನಲ್ಲಿ ಒಂದೊಂದೇ ಎಳೆ ಮುರಿದು ಮುಳ್ಳಾಗಿ ನಿಂತಿರುತ್ತವೆ, ದಪ್ಪ ಚರ್ಮದ ಗ್ಲೌಸ್ ಇಲ್ಲದೆ ಮುಟ್ಟಿದರೆ ಅಂಗೈ ಸೀಳುತ್ತದೆ. ಎಲ್ಲಕ್ಕಿಂತ ದೊಡ್ಡದು, ಬಿಗಿಯಾಗಿದ್ದಾಗ ಅದು ತುಂಡಾದರೆ ಚಾಟಿಯ ಹಾಗೆ ಬೀಸುತ್ತದೆ.

ಹಾಗಂತ ಸಿಂಥೆಟಿಕ್ಕಿಗೆ ಕಾಯಿಲೆ ಇಲ್ಲ ಅಂತಲ್ಲ. ಬಿಸಿ ಅದರ ಶತ್ರು, ಸುಮಾರು 150 ಡಿಗ್ರಿಗೆ ಕರಗಿಹೋಗುತ್ತದೆ. ಹೆಚ್ಚಿನ ವಿಂಚುಗಳಲ್ಲಿ ಬ್ರೇಕ್ ಇರುವುದು ಡ್ರಮ್ಮಿನ ಒಳಗೇ. ಇಳಿಜಾರಿನಲ್ಲಿ ಗಾಡಿಯನ್ನು ವಿಂಚಿನ ಮೇಲೆ ಬಿಟ್ಟು ನಿಧಾನವಾಗಿ ಇಳಿಸುತ್ತಾ ಹೋದರೆ ಬ್ರೇಕ್ ಕಾದು, ಡ್ರಮ್ ಕಾದು, ಒಳಗಿನ ಪದರ ಬೆಂದುಹೋಗುತ್ತದೆ. ಹೊರಗಿನಿಂದ ಕಾಣುವುದೂ ಇಲ್ಲ. ಆ ಥರದ ಕೆಲಸವೇ ಜಾಸ್ತಿ ಇದ್ದರೆ, ಇಲ್ಲಾ ಹಗ್ಗ ಬಂಡೆಯ ಅಂಚಿಗೆ ಉಜ್ಜುವ ಜಾಗದಲ್ಲೇ ಓಡಾಟ ಇದ್ದರೆ, ವೈರ್ ರೋಪೇ ಸರಿ. ಬಿಸಿಲೂ ಸಿಂಥೆಟಿಕ್ಕನ್ನು ತಿನ್ನುತ್ತದೆ, ಹಾಗಾಗಿ ಮೇಲೊಂದು ಹೊದಿಕೆ ಬೇಕು. ಕೆಸರಿನ ಮರಳು ಎಳೆಗಳ ಸಂದಿಗೆ ಹೋಗಿ ಒಳಗಿಂದಲೇ ಕೊಯ್ಯುತ್ತದೆ. ಬಕೆಟ್ ನೀರಲ್ಲಿ ನೆನೆಸಿ, ತೊಳೆದು, ನೆರಳಲ್ಲಿ ಒಣಗಿಸಬೇಕು. ಅಡಿಕೆ ಒಣಗಿಸುವ ಅಂಗಳ ಇದಕ್ಕೆ ಒಳ್ಳೆ ಜಾಗ ಅಂತ ನನಗನಿಸಿತ್ತು. ಮನೆಯವರಿಗೆ ಅನಿಸಲಿಲ್ಲ.

ಹಗ್ಗ ಹೊರಗೆ ಬರುವ ಬಾಯಿಯನ್ನೂ ಹಗ್ಗಕ್ಕೆ ತಕ್ಕಂತೆ ಬದಲಿಸಬೇಕು. ವೈರ್ ರೋಪಿಗೆ ನಾಲ್ಕು ಉರುಳೆಯ ಬಾಯಿ, ಸಿಂಥೆಟಿಕ್ಕಿಗೆ ನುಣ್ಣಗಿನ ಅಲ್ಯೂಮಿನಿಯಂ ಬಾಯಿ. ವೈರ್ ರೋಪ್ ಓಡಿದ ಹಳೇ ಉರುಳೆಯ ಮೇಲೆ ಹೊಸ ಸಿಂಥೆಟಿಕ್ ಹಾಕಿದರೆ ಅದರ ಗೀರುಗಳೇ ಹಗ್ಗವನ್ನು ಕೊಯ್ದು ಹಾಕುತ್ತವೆ.

ಎಲ್ಲಿ ಕೂರಿಸುವುದು

ದುಡ್ಡು ಸುರಿಯುವುದೂ ತಪ್ಪಾಗುವುದೂ ಇಲ್ಲೇ ಜಾಸ್ತಿ.

ಮೂರು ದಾರಿ ಇವೆ. ಒಂದು, ಕಂಪನಿ ಬಂಪರ್ ತೆಗೆದು ಪೂರ್ತಿ ಉಕ್ಕಿನ ಬಂಪರ್ ಹಾಕುವುದು. ಎರಡು, ಕಂಪನಿ ಬಂಪರನ್ನು ಹಾಗೇ ಬಿಟ್ಟು ಅದರ ಹಿಂದೆ, ಚಾಸಿಯ ಎರಡು ಕೊಂಬುಗಳ ನಡುವೆ ದಪ್ಪ ಪ್ಲೇಟ್ ಕೂರಿಸಿ ಅದರ ಮೇಲೆ ವಿಂಚ್. ಮೂರು, ವಿಂಚನ್ನು ಒಂದು ತೊಟ್ಟಿಲಿನಂಥ ಚೌಕಟ್ಟಿಗೆ ಬಿಗಿದು, ಬೇಕಾದಾಗ ಮುಂದೆಯೋ ಹಿಂದೆಯೋ ಚೌಕ ಕೊಳವೆಗೆ ತೂರಿಸುವುದು.

ತೊಟ್ಟಿಲಿನದು ಕೇಳಲು ಚೆನ್ನ. ಹಿಂದಕ್ಕೂ ಎಳೆಯಬಹುದಲ್ವಾ. ಆದರೆ ಮೊಣಕಾಲುದ್ದ ಕೆಸರಲ್ಲಿ ನಿಂತು ನಲವತ್ತು ಕೆಜಿಯ ಕಬ್ಬಿಣವನ್ನು ತೂತಿಗೆ ತೂರಿಸಿ ಪಿನ್ನು ಹಾಕುವವರು ನೀವೇ. ಅಷ್ಟೊತ್ತಿಗೆ ಆ ತೂತೂ ಕೆಸರೊಳಗೆ ಹೋಗಿರುತ್ತದೆ.

ಉಕ್ಕಿನ ಬಂಪರ್ ನೋಡಲು ಗಂಡೆದೆ. ಆದರೆ ವಿಂಚೂ ಸೇರಿ ಮುಂದಿನ ಆಕ್ಸಲ್ಲಿಗೂ ಮುಂದೆ ಎಂಬತ್ತು ತೊಂಬತ್ತು ಕೆಜಿ ನೇತುಹಾಕಿದ ಹಾಗೆ. ಮುಂಭಾಗ ತಗ್ಗುತ್ತದೆ, ಬ್ರೇಕ್ ಹಾಕಿದಾಗ ಮೂಗು ಮುಳುಗುತ್ತದೆ, ಏರು ಹತ್ತುವಾಗ ಮೊದಲು ತಾಗುವುದೂ ಅದೇ. ಕಾನೂನಿನ ತೊಂದರೆ ಇನ್ನೊಂದು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆದು, ಗಾಡಿಯ ಮುಂದೆ ಹಾಕುವ ಕ್ರ್ಯಾಶ್ ಗಾರ್ಡ್, ಬುಲ್ ಬಾರ್‌ಗಳು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೆ ವಿರುದ್ಧ ಅಂತ ಹೇಳಿತು. ರಸ್ತೆಯಲ್ಲಿ ನಡೆಯುವವರಿಗೆ ಅಪಾಯ ಅನ್ನುವುದು ಅದರ ಕಾಳಜಿ. ಏರ್‌ಬ್ಯಾಗಿನ ವಿಷಯವೂ ಸುಮ್ನೆ ಅಲ್ಲ. ಡಿಕ್ಕಿಯ ಪೆಟ್ಟು ಸೆನ್ಸರಿಗೆ ಹೇಗೆ ಮುಟ್ಟಬೇಕು ಅಂತ ಕಂಪನಿ ಲೆಕ್ಕ ಹಾಕಿರುತ್ತದೆ, ಉಕ್ಕಿನ ಅಡ್ಡಗಟ್ಟೆ ಬಂದರೆ ಆ ಲೆಕ್ಕ ತಪ್ಪುತ್ತದೆ. ವಿಮೆಯವರೂ ಇದನ್ನೇ ಹಿಡಿದುಕೊಳ್ಳಬಹುದು.

ಹಾಗಾಗಿ ನನ್ನ ಆಯ್ಕೆ ಮರೆಯಲ್ಲಿ ಕೂರುವ ಪ್ಲೇಟ್. ತೂಕ ಕಡಿಮೆ, ಹೊರಗೆ ಚಾಚುವುದು ಕಡಿಮೆ. ಇದೂ ಗಾಡಿಯಲ್ಲಿ ಬದಲಾವಣೆಯೇ, ಹಾಗಾಗಿ ಹಾಕಿಸುವ ಮುಂಚೆ ಆರ್‌ಟಿಓ ಕಚೇರಿಯಲ್ಲೂ ವಿಮೆಯವರಲ್ಲೂ ಒಂದು ಮಾತು ಕೇಳಿ. ಪ್ಲೇಟ್ ರೇಡಿಯೇಟರಿಗೆ ಹೋಗುವ ಗಾಳಿಗೆ ಅಡ್ಡ ಬರುತ್ತದಾ ಅಂತಲೂ ನೋಡಿ. ಇನ್ನೊಂದು ತೊಂದರೆ, ಹಗ್ಗ ಎಳೆಯಲು ಡ್ರಮ್ಮನ್ನು ಸಡಿಲ ಬಿಡುವ ವಿಂಚಿನ ಕ್ಲಚ್ಚಿನ ಲಿವರ್ ಬಂಪರಿನ ಹಿಂದೆ ಸಿಕ್ಕಿಕೊಂಡು ಕೈಗೆ ಎಟುಕದೆ ಹೋಗಬಹುದು. ಬೋಲ್ಟ್ ಬಿಗಿಯುವ ಮುಂಚೆ ಕೈ ಹಾಕಿ ನೋಡಿ.

ಬೋಲ್ಟಿನ ಕಥೆ ಹೇಳಿಬಿಡುತ್ತೇನೆ. 8,000ದಿಂದ 12,000 ಪೌಂಡಿನವರೆಗಿನ ಹೆಚ್ಚಿನ ವಿಂಚುಗಳ ಕಾಲಿನ ತೂತುಗಳು ಒಂದೇ ಅಳತೆ, 254 ಗುಣಿಸು 114.3 ಮಿಲಿಮೀಟರ್. ನಾಲ್ಕೇ ಬೋಲ್ಟು. ನಾಲ್ಕು ಟನ್ ಎಳೆತ ನಿಂತಿರುವುದು ಆ ನಾಲ್ಕರ ಮೇಲೆ. ನನಗೆ ಹಾಕಿಕೊಟ್ಟ ಗ್ಯಾರೇಜಿನವರು ಪೆಟ್ಟಿಗೆಯಲ್ಲಿ ಬಂದ ಬೋಲ್ಟು ಎರಡು ಕಳೆದುಹಾಕಿ, ಹಾರ್ಡ್‌ವೇರ್ ಅಂಗಡಿಯಿಂದ ಗೇಟಿಗೆ ಹಾಕುವ ಬೋಲ್ಟು ತಂದು ಬಿಗಿದಿದ್ದರು. ಸಿಲ್ವರ್ ಮರ ಬಿದ್ದ ಮೇಲೆ ಬಗ್ಗಿ ನೋಡಿದಾಗ ಎರಡು ಬೋಲ್ಟಿನ ತಲೆ ಮೇಲೆ ಅವುಗಳ ಗಟ್ಟಿತನದ ಗುರುತು 8.8 ಅಂತ ಕೆತ್ತಿತ್ತು, ಇನ್ನೆರಡು ಬೋಳು ತಲೆ. ಬೋಳು ತಲೆಯವು ಆಗಲೇ ಬಾಳೆಹಣ್ಣಿನ ಹಾಗೆ ಬಾಗಿದ್ದವು. ಮರ ಗಟ್ಟಿ ಇದ್ದಿದ್ದರೆ ವಿಂಚೇ ಕಿತ್ತು ಬರುತ್ತಿತ್ತು ಅನಿಸುತ್ತದೆ. 8.8ಕ್ಕಿಂತ ಕಡಿಮೆಯ ಬೋಲ್ಟು ಒಪ್ಪಬೇಡಿ, ನೀವೇ ಎದುರು ನಿಂತು ನೋಡಿ.

ವೈರಿಂಗಿನಲ್ಲೂ ಅದೇ ಕೈಚಳಕ ನಡೆಯುತ್ತದೆ. ನೆಗೆಟಿವ್ ವೈರನ್ನು ಹತ್ತಿರದ ಬಾಡಿ ಬೋಲ್ಟಿಗೆ ಸಿಕ್ಕಿಸಿ ಮುಗಿಸುತ್ತಾರೆ. ಬೇಡ. ಎರಡೂ ವೈರ್ ನೇರ ಬ್ಯಾಟರಿಗೇ ಹೋಗಬೇಕು, ಕನಿಷ್ಠ 35 ಚದರ ಮಿಲಿಮೀಟರ್ ದಪ್ಪದ್ದು. ನಡುವೆ ಕೈಯಲ್ಲಿ ತಿರುಗಿಸಿ ಪೂರ್ತಿ ಕರೆಂಟ್ ಕಡಿಯುವ ಒಂದು ಸ್ವಿಚ್ ಇರಲೇಬೇಕು. ವೈರ್‌ಲೆಸ್ ರಿಮೋಟ್ ಚೆನ್ನ, ದೂರ ನಿಲ್ಲಬಹುದು. ಆದರೆ ಮಳೆಯಲ್ಲಿ ನೆನೆದು ಕೈಕೊಟ್ಟಾಗ ವೈರಿರುವ ರಿಮೋಟೇ ಗತಿ, ಅದು ಡ್ಯಾಶ್‌ಬೋರ್ಡಿನಲ್ಲಿ ಇರಲಿ.

ಮರ, ಗೋಣಿಚೀಲ, ನಾಯಿ

ಮಲೆನಾಡಿನಲ್ಲಿ ಮರಕ್ಕೆ ಬರವಿಲ್ಲ, ಆದರೆ ಕಟ್ಟಲಾಗುವ ಮರ ಕಡಿಮೆ. ಅಡಿಕೆ ಮರದ ಬೇರು ಮೇಲೆಯೇ ಹರಡಿರುತ್ತದೆ, ನೆನೆದ ನೆಲದಲ್ಲಿ ಅದನ್ನು ನಂಬಬೇಡಿ. ಸಿಲ್ವರ್ ಕಥೆ ಹೇಳಿದೆನಲ್ಲ. ಹಲಸು, ಮಾವು, ಹುಣಸೆ ಸಿಕ್ಕರೆ ನೆಮ್ಮದಿ. ಹಗ್ಗವನ್ನೇ ಮರಕ್ಕೆ ಸುತ್ತಬೇಡಿ. ಅಂಗೈ ಅಗಲದ ಪಟ್ಟಿಯನ್ನು ಬುಡದ ಹತ್ತಿರ, ಆದಷ್ಟು ಕೆಳಗೆ ಸುತ್ತಿ, ಅದಕ್ಕೆ ಶ್ಯಾಕಲ್ (ಪಿನ್ನಿರುವ U ಆಕಾರದ ಉಕ್ಕಿನ ಕೊಂಡಿ) ಹಾಕಿ ಎಳೆಯಿರಿ. ಮರವೂ ಉಳಿಯುತ್ತದೆ, ಮರದ ಯಜಮಾನರ ಸ್ನೇಹವೂ ಉಳಿಯುತ್ತದೆ. ಮರವೇ ಇಲ್ಲದ ಕಡೆ ಸ್ಟೆಪ್ನಿಯನ್ನು ಆಳವಾಗಿ ಹೂತು ಅದಕ್ಕೆ ಕಟ್ಟಬಹುದು. ಅಗೆಯುವಷ್ಟರಲ್ಲಿ ಇನ್ನೊಂದು ಗಾಡಿ ಬಂದೇ ಬರುತ್ತದೆ.

ಎಳೆಯುವಾಗ ಹಗ್ಗದ ನಡುವೆ ಒದ್ದೆ ಗೋಣಿಚೀಲ ಹಾಕಿ. ತುಂಡಾದರೆ ಅದರ ಭಾರಕ್ಕೆ ಹಗ್ಗ ನೆಲಕ್ಕೆ ಬೀಳುತ್ತದೆ. ಸಿಂಥೆಟಿಕ್ ಹಗ್ಗಕ್ಕೂ ಹಾಕಿ, ಹಗ್ಗ ಹಗುರ ಆದರೂ ತುದಿಯ ಕೊಕ್ಕೆ ಹಗುರ ಅಲ್ಲ. ಬಿಗಿಯಾದ ಹಗ್ಗವನ್ನು ಯಾರೂ ದಾಟಕೂಡದು. ನೋಡಲು ನೆರೆದವರನ್ನು ಹಗ್ಗದ ಉದ್ದಕ್ಕಿಂತ ದೂರ ನಿಲ್ಲಿಸಿ, ಬೈಸಿಕೊಂಡರೂ ಪರವಾಗಿಲ್ಲ. ಡ್ರಮ್ಮಿನಲ್ಲಿ ವೈರ್ ರೋಪಾದರೆ ಐದು ಸುತ್ತು, ಸಿಂಥೆಟಿಕ್ ಆದರೆ ಎಂಟು ಹತ್ತು ಸುತ್ತು ಯಾವಾಗಲೂ ಉಳಿದಿರಬೇಕು. ಹಗ್ಗದ ತುದಿಯ ಸ್ಕ್ರೂ ಭಾರ ತಡೆಯಲು ಇರುವುದಲ್ಲ. ಭಾರ ಹಿಡಿಯುವುದು ಆ ಸುತ್ತುಗಳ ಬಿಗಿ.

ಹೊಸ ವಿಂಚಿನ ಹಗ್ಗ ಸಡಿಲವಾಗಿ ಸುತ್ತಿ ಬಂದಿರುತ್ತದೆ. ಹಾಗೇ ಬಳಸಿದರೆ ಮೇಲಿನ ಪದರ ಕೆಳಗಿನ ಪದರದೊಳಗೆ ನುಗ್ಗಿ ಕಚ್ಚಿಕೊಳ್ಳುತ್ತದೆ. ಅದಕ್ಕೆ ಮನೆ ಹತ್ತಿರ, ಸ್ವಲ್ಪ ಏರಿರುವ ಕಡೆ, ಹಗ್ಗ ಪೂರ್ತಿ ಬಿಟ್ಟು ಗಾಡಿಯ ಭಾರದಲ್ಲೇ ಬಿಗಿಯಾಗಿ ಸುತ್ತಿಕೊಳ್ಳಬೇಕು. ತಿಂಗಳಿಗೊಮ್ಮೆ ಇದನ್ನೇ ಮಾಡಿದರೆ ಮೋಟಾರೂ ತುಕ್ಕು ಹಿಡಿಯುವುದಿಲ್ಲ. ನಾನು ಮಾಡುವುದು ಗೇಟಿನ ಪಕ್ಕದ ಹಲಸಿನ ಮರಕ್ಕೆ ಕಟ್ಟಿ. ಅದರ ಬುಡದಲ್ಲಿ ನಾಯಿ ಮಲಗಿರುತ್ತದೆ, ಮೊದಲು ಅದನ್ನು ಎಬ್ಬಿಸಬೇಕು.